ಬೀಜದ ಚೀಲಕ್ಕೆ ಲೇಬಲ್ ಇದೆ, ದನದ ಕ್ಷಯ ಪರೀಕ್ಷೆಗೆ ಯಾಕಿಲ್ಲ?

ರಾಣೆಬೆನ್ನೂರಿನ ಯಾವ ಬೀಜದ ಅಂಗಡಿಗೆ ಬೇಕಾದರೂ ಹೋಗಿ ಒಂದು ಚೀಲ ಎತ್ತಿ ನೋಡಿ. ತಳಿ, ಲಾಟ್ ನಂಬರು, ಪರೀಕ್ಷೆ ಮಾಡಿದ ದಿನಾಂಕ, ಅದರ ಕೆಳಗೆ ಕನಿಷ್ಠ ಮೊಳಕೆ ಪ್ರಮಾಣ ಶೇಕಡಾ ಇಷ್ಟು ಎಂದು ಅಚ್ಚಾಗಿರುತ್ತದೆ. 1966ರ ಬೀಜ ಕಾಯ್ದೆ ಕೊಟ್ಟ ಹಕ್ಕು ಅದು. ಬರೆದಷ್ಟು ಹುಟ್ಟದಿದ್ದರೆ ನಮ್ಮ ರೈತ ಸುಮ್ಮನಿರುವ ಪೈಕಿ ಅಲ್ಲ. ಚೀಲ ಹಿಡಿದುಕೊಂಡು ಕೃಷಿ ಇಲಾಖೆ ಬಾಗಿಲಿಗೆ ಹೋಗುತ್ತಾನೆ, ಅಂಗಡಿ ಮುಂದೆ ಕೂರುತ್ತಾನೆ, ನಮ್ಮಂಥ ತಾಲ್ಲೂಕು ವರದಿಗಾರರಿಗೆ ಬೆಳಿಗ್ಗೆ ಆರಕ್ಕೇ ಫೋನ್ ಮಾಡುತ್ತಾನೆ.

ಅದೇ ರೈತನ ಹಸುವಿನ ಕುತ್ತಿಗೆಗೆ ಒಂದು ಸೂಜಿ ಚುಚ್ಚಿ, ಮೂರು ದಿನ ಬಿಟ್ಟು ಬಂದು, ‘ಇದಕ್ಕೆ ಕ್ಷಯ ಐತಿ’ ಎಂದರೆ ಆತ ಕೇಳಲು ಯಾವ ಲೇಬಲ್ಲೂ ಇಲ್ಲ. ಈ ಪರೀಕ್ಷೆ ನೂರಕ್ಕೆ ಎಷ್ಟು ಸಲ ಸರಿ? ರೋಗ ಇದ್ದ ದನವನ್ನು ಎಷ್ಟು ಸಲ ಬಿಟ್ಟುಬಿಡುತ್ತದೆ? ರೋಗ ಇಲ್ಲದ ದನದ ಮೇಲೆ ಎಷ್ಟು ಸಲ ಸುಳ್ಳು ಹೇಳುತ್ತದೆ? ಇನ್ನೂರು ರೂಪಾಯಿ ಬೀಜಕ್ಕೆ ಸಿಗುವ ಉತ್ತರ ಅರವತ್ತು ಸಾವಿರದ ಹಸುವಿಗೆ ಸಿಗುವುದಿಲ್ಲ.

ಈ ವಿಷಯದಲ್ಲಿ ನಮ್ಮ ಜಿಲ್ಲೆಯಲ್ಲಿ ಎರಡು ಥರದ ಮಾತು ಓಡಾಡುತ್ತಿದೆ. ಒಂದು, ಆಫೀಸಿನ ಮಾತು: ‘ಹಾವೇರಿ ಭಾಗದಾಗ ದನದ ಕ್ಷಯ ಅಂಥಾದ್ದೇನಿಲ್ಲ, ರಿಪೋರ್ಟ್ ಆಗಿಲ್ಲ.’ ಇನ್ನೊಂದು, ಮೊಬೈಲ್ ಗ್ರೂಪುಗಳಲ್ಲಿ ತಿರುಗುವ ಮಾತು: ‘ಹಾಲು ಕುಡಿದರೆ ಟಿಬಿ ಬರುತ್ತೆ, ಎಚ್ಚರ!’ ಒಬ್ಬರು ನಿದ್ದೆಗೆ ಕರೆಯುತ್ತಾರೆ, ಇನ್ನೊಬ್ಬರು ಬೆಚ್ಚಿ ಬೀಳಿಸುತ್ತಾರೆ. ಪರೀಕ್ಷೆಯ ನಿಖರತೆಯ ಲೆಕ್ಕ ಮಾತ್ರ ಇಬ್ಬರ ಕೈಯಲ್ಲೂ ಇಲ್ಲ. ನಮ್ಮ ತಕರಾರು ಇಬ್ಬರ ಮೇಲೂ ಇದೆ, ಆದರೆ ಮೊದಲನೆಯವರ ಮೇಲೆ ಹೆಚ್ಚು. ಅವರ ಕೈಯಲ್ಲಿ ಸಂಬಳವೂ ಇದೆ, ಸೂಜಿಯೂ ಇದೆ.

‘ರಿಪೋರ್ಟ್ ಆಗಿಲ್ಲ’ ಎಂಬ ಮಾತನ್ನೇ ಮೊದಲು ಬಿಚ್ಚೋಣ. ಹುಡುಕದೇ ಇದ್ದದ್ದು ಸಿಗುವುದಿಲ್ಲ. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು, 13,343 ಕೋಟಿ ರೂಪಾಯಿ. ಅದು ಹಿಡಿದ ರೋಗಗಳು ಎರಡು: ಕಾಲುಬಾಯಿ ಜ್ವರ ಮತ್ತು ಕಂದು ರೋಗ, ಅಂದರೆ ಬ್ರುಸೆಲ್ಲಾ. ಕ್ಷಯ ಅದರಲ್ಲಿ ಇರಲಿಲ್ಲ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿ ದನದ ಕ್ಷಯ ಇದೆ. ಪಟ್ಟಿಯಲ್ಲಿರುವ ರೋಗದ ಅನುಮಾನ ಬಂದರೆ ದನದ ಮಾಲೀಕ ತಿಳಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಚೆಂದದ ಕಾಯ್ದೆ. ಆದರೆ ಈ ರೋಗ ವರ್ಷಗಟ್ಟಲೆ ದನದ ಒಳಗೆ ಕೂತಿರುತ್ತದೆ, ಹೊರಗೆ ಏನೂ ತೋರಿಸುವುದಿಲ್ಲ. ಹಾಲು ಕೊಡುತ್ತದೆ, ಮೇಯುತ್ತದೆ, ಗಬ್ಬ ಆಗುತ್ತದೆ. ಕೆಮ್ಮು, ಬಡಕಲು, ಗಂಟಲ ಗಡ್ಡೆ ಕಾಣುವ ಹೊತ್ತಿಗೆ ಆಟ ಮುಗಿದಿರುತ್ತದೆ. ಕಣ್ಣಿಗೆ ಕಾಣದ್ದನ್ನು ಮಾಲೀಕ ಎಲ್ಲಿಂದ ತಿಳಿಸಬೇಕು?

ಕಣ್ಣಿಗೆ ಕಂಡಾಗ ಇದೇ ಸರ್ಕಾರ ಓಡಿ ಬಂದದ್ದನ್ನು ನಾವು ನೋಡಿದ್ದೇವೆ. 2022ರಲ್ಲಿ ಚರ್ಮಗಂಟು ರೋಗ ನಮ್ಮ ಜಿಲ್ಲೆಯನ್ನು ಹೊಕ್ಕಾಗ ಮೈತುಂಬ ಗಂಟೆದ್ದ ದನಗಳ ಫೋಟೊ ರಾಜ್ಯದ ಎಲ್ಲ ಪತ್ರಿಕೆಗಳಲ್ಲಿ ಬಂತು. ಆಗಿನ ಮುಖ್ಯಮಂತ್ರಿ ನಮ್ಮ ಶಿಗ್ಗಾವಿಯ ಶಾಸಕರೇ. ಸತ್ತ ಹಸುವಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ ಪರಿಹಾರ ಘೋಷಣೆಯಾಯಿತು. ಕ್ಷಯದ ದನದ ಫೋಟೊ ತೆಗೆದರೆ ಏನು ಕಾಣುತ್ತದೆ? ಚೆನ್ನಾಗಿರುವ ಒಂದು ಹಸು ಕಾಣುತ್ತದೆ. ಅದಕ್ಕೇ ಇಲ್ಲಿ ಪರೀಕ್ಷೆಯೇ ಕಣ್ಣು. ಆ ಕಣ್ಣಿಗೆ ಪೊರೆ ಎಷ್ಟಿದೆ ಎಂದು ಮೊದಲು ನೋಡಬೇಕು.

ಚರ್ಮದ ಪರೀಕ್ಷೆಯ ಮೂಲ ಹಳೆಯದು. 1890ರಲ್ಲಿ ರಾಬರ್ಟ್ ಕೋಖ್ ಟ್ಯೂಬರ್ಕ್ಯುಲಿನ್ ಎಂಬ ದ್ರವವನ್ನು ಕ್ಷಯದ ಔಷಧಿ ಎಂದು ಪ್ರಕಟಿಸಿದ. ಔಷಧಿಯಾಗಿ ಅದು ಸೋತಿತು, ರೋಗ ಪತ್ತೆ ಮಾಡುವ ಸಾಧನವಾಗಿ ಉಳಿಯಿತು. ಇವತ್ತಿಗೂ ಜಗತ್ತಿನಲ್ಲಿ ದನದ ಕ್ಷಯಕ್ಕೆ ಮುಖ್ಯ ಪರೀಕ್ಷೆ ಅದರ ಮೊಮ್ಮಗನೇ. ರೋಗಾಣುವಿನಿಂದ ತೆಗೆದ ಶುದ್ಧ ಪ್ರೋಟೀನನ್ನು 0.1 ಮಿಲಿಲೀಟರ್ ಅಳತೆಯಲ್ಲಿ ಚರ್ಮದ ಪದರದೊಳಗೆ ಕೊಡುತ್ತಾರೆ. ಚರ್ಮದ ಕೆಳಗಲ್ಲ, ಚರ್ಮದೊಳಗೆ. ಕಡಲೆಕಾಳಿನಷ್ಟು ಸಣ್ಣ ಉಬ್ಬು ಬೆರಳಿಗೆ ಸಿಗಬೇಕು. ಕೊಡುವ ಮೊದಲು ಕೂದಲು ಕತ್ತರಿಸಿ, ಚರ್ಮದ ದಪ್ಪವನ್ನು ಕ್ಯಾಲಿಪರಿನಿಂದ ಅಳೆದು ಬರೆದುಕೊಳ್ಳಬೇಕು. 72 ಗಂಟೆ ಬಿಟ್ಟು ಅದೇ ಜಾಗವನ್ನು ಮತ್ತೆ ಅಳೆಯಬೇಕು. ಒಂದೇ ಸೂಜಿಯ ಪರೀಕ್ಷೆಯಲ್ಲಿ ದಪ್ಪ 4 ಮಿಲಿಮೀಟರ್ ಅಥವಾ ಹೆಚ್ಚು ಏರಿದರೆ ಪಾಸಿಟಿವ್, 2ರಿಂದ 4ರ ಒಳಗಿದ್ದರೆ ಅನುಮಾನ, 2ಕ್ಕಿಂತ ಕಡಿಮೆ ಇದ್ದರೆ ನೆಗೆಟಿವ್.

ಇಲ್ಲಿ ಆಟ ಇರುವುದು ಮಿಲಿಮೀಟರಿನಲ್ಲಿ. 3.5ಕ್ಕೂ 4ಕ್ಕೂ ನಡುವಿನ ಅಂತರ ಒಂದು ದಪ್ಪ ರಟ್ಟಿನಷ್ಟು. ಅದನ್ನು ಹೆಬ್ಬೆರಳಿನಿಂದ ಒತ್ತಿ ಅಳೆಯಲಿಕ್ಕೆ ಆಗುತ್ತದೆಯೇ? ಆಗುತ್ತದೆ ಎಂದುಕೊಂಡವರನ್ನು ನಾವು ನೋಡಿದ್ದೇವೆ. ಜಿಲ್ಲೆಯ ಒಂದು ಹಳ್ಳಿಯ ದಂದಕ್ಕಿಯಲ್ಲಿ, ಬುಡ್ಡಿ ಬಲ್ಬಿನ ಬೆಳಕಿನಲ್ಲಿ, ಕೂದಲೂ ಕತ್ತರಿಸದ ಜಾಗವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ‘ನಾರ್ಮಲ್’ ಎಂದು ಬರೆದುಕೊಂಡು ಹೋದರು. ಅದೂ ನಾಲ್ಕನೇ ದಿನ. ಮೂರನೇ ದಿನ ಬರಬೇಕಾದವರು ಬೇರೆ ಊರಿನ ಲಸಿಕೆ ಡ್ಯೂಟಿಯಲ್ಲಿದ್ದರು. ಆ ಮನುಷ್ಯನನ್ನು ಬೈದು ಪ್ರಯೋಜನವಿಲ್ಲ. ಹತ್ತಾರು ಹಳ್ಳಿಗೆ ಒಬ್ಬರು ಎಂದ ಮೇಲೆ 72 ಗಂಟೆಯ ಲೆಕ್ಕ ಯಾರ ಕೈಗೂ ಉಳಿಯುವುದಿಲ್ಲ. ಆದರೆ ಹಾಗೆ ಬರೆದ ‘ನಾರ್ಮಲ್’ ಕಾಗದಕ್ಕೆ ಸೇರಿತು, ಕಾಗದ ಅಂಕಿಗೆ ಸೇರಿತು, ಅಂಕಿ ‘ರಿಪೋರ್ಟ್ ಆಗಿಲ್ಲ’ ಆಯಿತು.

ಈಗ ಸರಿಯಾಗಿ ಮಾಡಿದಾಗಲೂ ಪರೀಕ್ಷೆ ಎಲ್ಲಿ ಎಡವುತ್ತದೆ ಎಂಬುದಕ್ಕೆ ಬರೋಣ. ಯಾವ ಪರೀಕ್ಷೆಗೂ ಎರಡು ಕೆಲಸ. ಒಂದು, ರೋಗ ಇದ್ದದ್ದನ್ನು ಹಿಡಿಯುವುದು. ಇನ್ನೊಂದು, ರೋಗ ಇಲ್ಲದ್ದನ್ನು ಬಿಡುವುದು. ಜರಡಿಯ ಹಾಗೆ: ಕಣ್ಣು ಸಣ್ಣದಾದರೆ ಕಲ್ಲಿನ ಜೊತೆ ಕಾಳೂ ಮೇಲೆ ನಿಲ್ಲುತ್ತದೆ, ದೊಡ್ಡದಾದರೆ ಕಾಳಿನ ಜೊತೆ ಕಲ್ಲೂ ಕೆಳಗೆ ಹೋಗುತ್ತದೆ. ಪುಸ್ತಕದಲ್ಲಿ ಇವಕ್ಕೆ ಸೂಕ್ಷ್ಮತೆ, ನಿರ್ದಿಷ್ಟತೆ ಎನ್ನುತ್ತಾರೆ. ನಾವು ಹಿಡಿಯುವ ಶಕ್ತಿ, ಬಿಡುವ ಶಕ್ತಿ ಎನ್ನೋಣ.

ಹಿಡಿಯುವ ಶಕ್ತಿ ಕುಂದಲು ಕಾರಣ ಬೇಕಾದಷ್ಟಿವೆ. ಸೋಂಕು ತಗುಲಿ ಮೊದಲ ಕೆಲವು ವಾರ ದನದ ಮೈ ಇನ್ನೂ ಪ್ರತಿಕ್ರಿಯೆ ತೋರುವುದಿಲ್ಲ. ರೋಗ ಮಿತಿಮೀರಿ ಬೆಳೆದ ದನ ಕೂಡ ತೋರುವುದಿಲ್ಲ. ಅದರ ಮೈ ಸೋತು ಕೂತಿರುತ್ತದೆ. ಅಂದರೆ ಎಲ್ಲರಿಗಿಂತ ಹೆಚ್ಚು ರೋಗ ಹರಡುವ ದನವೇ ಪರೀಕ್ಷೆಯಲ್ಲಿ ಪಾಸಾಗಿ ಬರಬಹುದು. ಈಗಷ್ಟೇ ಕರು ಹಾಕಿದ ಹಸು, ಬೇಸಿಗೆಯಲ್ಲಿ ಹೊಟ್ಟೆಗಿಲ್ಲದ ಹಸು, ಸ್ಟಿರಾಯ್ಡ್ ಚುಚ್ಚಿಸಿಕೊಂಡ ಹಸು, ಇವೂ ಮೋಸ ಮಾಡುತ್ತವೆ. ಒಮ್ಮೆ ಪರೀಕ್ಷಿಸಿದ ಮೇಲೆ ಕನಿಷ್ಠ ಆರು ವಾರ ಬಿಡದೆ ಮತ್ತೆ ಚುಚ್ಚಿದರೆ ಚರ್ಮ ಮಂಕಾಗಿರುತ್ತದೆ. ಐಸ್ ಪೆಟ್ಟಿಗೆಯಲ್ಲಿ ಇರಬೇಕಾದ ದ್ರವ ಏಪ್ರಿಲ್ ತಿಂಗಳಲ್ಲಿ ಬೈಕಿನ ಡಿಕ್ಕಿಯಲ್ಲಿ ಬ್ಯಾಡಗಿಯಿಂದ ಕಾಗಿನೆಲೆಗೆ ಹೋದರೆ ಅದರ ಸತ್ವ ಎಷ್ಟು ಉಳಿಯಿತು ಎಂದು ಯಾರು ನೋಡಿದರು?

ಬಿಡುವ ಶಕ್ತಿ ಕುಂದಲು ಕಾರಣ ನಮ್ಮ ಮಣ್ಣಲ್ಲೇ ಇದೆ. ಕ್ಷಯದ ರೋಗಾಣುವಿನ ದಾಯಾದಿಗಳು ಮಣ್ಣಿನಲ್ಲಿ, ಕೆರೆ ನೀರಿನಲ್ಲಿ, ಕೋಳಿಯಲ್ಲಿ ಇರುತ್ತವೆ. ಬಹುತೇಕ ರೋಗ ತರುವುದಿಲ್ಲ, ಆದರೆ ದನದ ಮೈಗೆ ಅವುಗಳ ಪರಿಚಯವಾಗಿರುತ್ತದೆ. ಕರುಳನ್ನು ಕೊರೆಯುವ ಜೋನ್ಸ್ ರೋಗದ ಅಣು ಕೂಡ ಇದೇ ವಂಶದ್ದು. ಆ ಪರಿಚಯಕ್ಕೇ ಚರ್ಮ ಉಬ್ಬಿದರೆ ಕ್ಷಯವಿಲ್ಲದ ದನ ಕ್ಷಯದ ದನ ಆಗುತ್ತದೆ. ಗೋದಲಿಯ ಮೇಲೆ ಕೋಳಿ ಕೂರುವ, ಊರ ದನವೆಲ್ಲ ಒಂದೇ ಕೆರೆಯಲ್ಲಿ ನೀರು ಕುಡಿಯುವ ನಮ್ಮ ಕಡೆ ಇದು ಸಣ್ಣ ಮಾತಲ್ಲ. ಇದನ್ನು ತಪ್ಪಿಸಲಿಕ್ಕೇ ಜೋಡಿ ಸೂಜಿಯ ಪರೀಕ್ಷೆ ಬಂದದ್ದು: ಕುತ್ತಿಗೆಯ ಒಂದು ಕಡೆ ಹಕ್ಕಿ ಕ್ಷಯದ ದ್ರವ, ಸ್ವಲ್ಪ ಕೆಳಗೆ ದನದ ಕ್ಷಯದ ದ್ರವ. ದನದ್ದು ಹಕ್ಕಿಯದಕ್ಕಿಂತ 4 ಮಿಲಿಮೀಟರಿಗೂ ಹೆಚ್ಚು ಉಬ್ಬಿದರೆ ಮಾತ್ರ ಪಾಸಿಟಿವ್.

ಅಂಕಿಗೆ ಬರೋಣ, ಬೇಜಾರು ಮಾಡಿಕೊಳ್ಳಬೇಡಿ. 2006ರಲ್ಲಿ ಬ್ರಿಟನ್ನಿನ ತಜ್ಞರು ಅದುವರೆಗಿನ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ ಜೋಡಿ ಪರೀಕ್ಷೆಯ ಹಿಡಿಯುವ ಶಕ್ತಿಯ ಮಧ್ಯಮ ಅಂಕ ಶೇ 80, ಬಿಡುವ ಶಕ್ತಿ ಶೇ 99.5 ಬಂತು. ಆದರೆ ಆ 80 ಎಂಬುದು 52ರಿಂದ 100ರ ವರೆಗೆ ಚೆಲ್ಲಾಡಿದ ಅಂಕಿಗಳ ನಡುವಿನದು. 2018ರಲ್ಲಿ ಇನ್ನೂ ಕಟ್ಟುನಿಟ್ಟಾಗಿ ಲೆಕ್ಕ ಹಾಕಿದವರಿಗೆ ಸಿಕ್ಕ ಹಿಡಿಯುವ ಶಕ್ತಿ ಶೇ 50ರ ಆಸುಪಾಸು. ಇದು ಕ್ಯಾಲಿಪರ್, ತರಬೇತಿ, ಐಸ್ ಪೆಟ್ಟಿಗೆ ಎಲ್ಲ ಇರುವ ದೇಶಗಳ ಅನುಭವ.

ಈಗ ಒಂದು ಊರಲ್ಲಿ 1,000 ದನ ಇವೆ, ಅದರಲ್ಲಿ 70ಕ್ಕೆ ಸೋಂಕಿದೆ ಎಂದುಕೊಳ್ಳಿ. ಶೇ 80ರ ಲೆಕ್ಕದಲ್ಲಿ ಜೋಡಿ ಪರೀಕ್ಷೆ 56 ಹಿಡಿಯುತ್ತದೆ, 14 ತಪ್ಪಿಸಿಕೊಳ್ಳುತ್ತವೆ. ಉಳಿದ 930ರಲ್ಲಿ ಸುಮಾರು 5 ನಿರಪರಾಧಿ ದನಗಳ ಮೇಲೆ ಆರೋಪ ಬರುತ್ತದೆ. ಸಹಿಸಬಹುದಾದ ತಪ್ಪು. ಈಗ ಹಕ್ಕಿ ದ್ರವ ತರಿಸಲಿಲ್ಲ, ಒಂದೇ ಸೂಜಿ ಹಾಕಿದರು, ಬಿಡುವ ಶಕ್ತಿ ಶೇ 95ಕ್ಕೆ ಇಳಿಯಿತು ಎನ್ನಿ. ಸುಳ್ಳು ಆರೋಪ 5ರಿಂದ 46ಕ್ಕೆ ಏರಿತು. ಪಾಸಿಟಿವ್ ಬಂದ ನೂರು ಚಿಲ್ಲರೆ ದನಗಳಲ್ಲಿ ಹತ್ತಿರ ಹತ್ತಿರ ಅರ್ಧ ಸುಳ್ಳು. ಆ ಊರಲ್ಲಿ ಸೋಂಕು ಇರುವುದೇ 10 ದನಕ್ಕೆ ಎಂದಾದರೆ? 8 ಸಿಕ್ಕವು, ಜೊತೆಗೆ 50 ಸುಳ್ಳು. 58 ರೈತರ ಮನೆಗೆ ‘ಪಾಸಿಟಿವ್’ ಚೀಟಿ ಹೋದರೆ 50 ಮನೆಯಲ್ಲಿ ಅದು ಹುಸಿ. ಪರೀಕ್ಷೆ ಅದೇ, ಸೂಜಿ ಅದೇ. ಊರಲ್ಲಿ ರೋಗ ಎಷ್ಟಿದೆ ಎಂಬುದರ ಮೇಲೆ ಚೀಟಿಯ ಬೆಲೆ ಬದಲಾಗುತ್ತದೆ. ಊರಲ್ಲಿ ರೋಗ ಎಷ್ಟಿದೆ ಎಂಬುದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಮಟ್ಟಿಗೆ ಯಾರ ಕಡತದಲ್ಲಿದೆ?

ದೇಶದ ಮಟ್ಟದಲ್ಲಿ ಒಂದು ಅಂದಾಜಿದೆ. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಶ್ರೀನಿಧಿ ಶ್ರೀನಿವಾಸನ್, ವಿವೇಕ್ ಕಪೂರ್ ಮತ್ತು ಜೊತೆಗಾರರು 2018ರಲ್ಲಿ ಭಾರತದ 44 ಅಧ್ಯಯನಗಳ 82,419 ದನ-ಎಮ್ಮೆಗಳ ಲೆಕ್ಕ ಕೂಡಿಸಿ ಶೇ 7.3 ಎಂದರು, ಅಂದರೆ ದೇಶದಲ್ಲಿ 2 ಕೋಟಿ 18 ಲಕ್ಷ ಸೋಂಕಿತ ದನಗಳು. ಈ ಅಂಕಿಯನ್ನು ಹಿಡಿದು ಕಿರುಚುವವರಿಗೆ ನಾವು ಹೇಳುವುದು: ಆ 44 ಅಧ್ಯಯನಗಳೂ ಯಾವುದೋ ಒಂದು ಪರೀಕ್ಷೆಯ ಮೇಲೆಯೇ ನಿಂತಿವೆ. ಒಂದೊಂದು ಕಡೆ ಒಂದೊಂದು ಜರಡಿ. ಅಳತೆಗೋಲು ಸರಿಯಿಲ್ಲದೆ ಅಳೆದ ಹೊಲದ ಹಾಗೆ. ಅಂಕಿ ಸುಳ್ಳು ಎನ್ನುತ್ತಿಲ್ಲ. ಅದನ್ನು ಜರಡಿಯ ಹೆಸರು ಹೇಳದೆ ಒಪ್ಪಿಸಬೇಡಿ ಎನ್ನುತ್ತಿದ್ದೇವೆ.

ಹಾಲಿನ ಭಯದವರಿಗೂ ಒಂದು ಮಾತು. 2016ರಲ್ಲಿ ಜಗತ್ತಿನಲ್ಲಿ ಪ್ರಾಣಿಯಿಂದ ಬಂದ ಕ್ಷಯ 1,47,000 ಜನರಿಗೆ ತಗುಲಿ 12,500 ಜನ ಸತ್ತರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ದೊಡ್ಡ ಸಂಖ್ಯೆಯೇ. ಆದರೆ ಮನುಷ್ಯರ ಕ್ಷಯದ ಒಟ್ಟು ರಾಶಿಯ ಮುಂದೆ ಅದು ಸಣ್ಣ ಪಾಲು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಸಿಕ್ಕ 940 ಮಾದರಿಗಳನ್ನು ವಂಶವಾಹಿ ಮಟ್ಟದಲ್ಲಿ ಬಿಡಿಸಿ ನೋಡಿದ 2020ರ ಅಧ್ಯಯನದಲ್ಲಿ ದನದ ಕ್ಷಯದ ಪ್ರಸಿದ್ಧ ಅಣು ಮೈಕೊಬ್ಯಾಕ್ಟೀರಿಯಂ ಬೋವಿಸ್‌ನ ಕಾಡು ರೂಪ ಒಂದೂ ಸಿಗಲಿಲ್ಲ. ಸಿಕ್ಕದ್ದು ಅದರ ಸೋದರ, ಒರಿಜಿಸ್, ಅದೂ ಬೆರಳೆಣಿಕೆಯಷ್ಟು. ಅಂದರೆ ನಾವು ಹುಡುಕುತ್ತಿರುವ ಕಳ್ಳನ ಹೆಸರೇ ಇಲ್ಲಿ ಬೇರೆ ಇರಬಹುದು. ನಮ್ಮ ತಾಲ್ಲೂಕು ಆಸ್ಪತ್ರೆಯ ಕಫ ಪರೀಕ್ಷೆಗೂ ಸಿಬಿನ್ಯಾಟ್ ಯಂತ್ರಕ್ಕೂ ಕ್ಷಯ ಇದೆ ಎಂದು ಗೊತ್ತಾಗುತ್ತದೆ, ಅದು ಮನುಷ್ಯನಿಂದ ಬಂತೋ ದನದಿಂದ ಬಂತೋ ಎಂದು ಗೊತ್ತಾಗುವುದಿಲ್ಲ. ಹಾಲು ಕುದಿಸಿದರೆ ಈ ಅಣು ಸಾಯುತ್ತದೆ. ಗರಡಿ ಹುಡುಗರು ಕೆಚ್ಚಲಿನಿಂದ ನೇರ ನೊರೆಹಾಲು ಕುಡಿಯುವ ಚಟ ಬಿಟ್ಟರೆ ಸಾಕು, ಹಾಲನ್ನೇ ಚೆಲ್ಲುವ ಅಗತ್ಯವಿಲ್ಲ. ಇನ್ನೊಂದು ಕಡೆಯನ್ನೂ ಮರೆಯಬಾರದು. ಮನುಷ್ಯನ ಕ್ಷಯ ದನಕ್ಕೂ ಹೋಗುತ್ತದೆ. ಕೆಮ್ಮುವ ಯಜಮಾನ ದಂದಕ್ಕಿಯಲ್ಲೇ ಮಲಗುವ ಊರಲ್ಲಿ ಆರೋಪಿ ಯಾರು, ಸಾಕ್ಷಿ ಯಾರು?

‘ಬೇರೆ ದೇಶಗಳು ಇದೇ ಸೂಜಿಯಿಂದ ರೋಗ ಓಡಿಸಲಿಲ್ಲವೇ’ ಎಂದು ಕೇಳುವವರಿದ್ದಾರೆ. ಓಡಿಸಿದವು. ಆಸ್ಟ್ರೇಲಿಯಾ 1997ರಲ್ಲಿ ತಾನು ದನದ ಕ್ಷಯದಿಂದ ಮುಕ್ತ ಎಂದಿತು. ನಮ್ಮ ಹಾವೇರಿ ಜಿಲ್ಲೆ ಹುಟ್ಟಿದ ವರ್ಷವೂ ಅದೇ. ಆದರೆ ಅಲ್ಲಿ ಪರೀಕ್ಷೆ ಮಾಡಿದ್ದು ಹಿಂಡಿಗೆ. ಶೇ 80ರ ಜರಡಿಯಾದರೂ, ನೂರರ ಹಿಂಡಿನಲ್ಲಿ ಐದಕ್ಕೆ ಸೋಂಕಿದ್ದರೆ ಐದೂ ತಪ್ಪಿಸಿಕೊಳ್ಳುವ ಸಾಧ್ಯತೆ ಹತ್ತು ಸಾವಿರಕ್ಕೆ ಮೂರು. ಒಂದು ಸಿಕ್ಕಿದರೆ ಸಾಕು, ಇಡೀ ಹಿಂಡನ್ನು ಕಟ್ಟಿಹಾಕಿ ಮತ್ತೆ ಮತ್ತೆ ಪರೀಕ್ಷಿಸಿ, ಬಿದ್ದದ್ದನ್ನು ಕಡಿದು, ಮಾಲೀಕನಿಗೆ ದುಡ್ಡು ಕೊಟ್ಟರು. ನಮ್ಮ ಬ್ಯಾಡಗಿ ರೈತನ ಹಿಂಡು ಎಷ್ಟು? ಒಂದು ಹಸು, ಒಂದು ಎಮ್ಮೆ, ದೇವರು ಕೊಟ್ಟರೆ ಒಂದು ಕರು. ಅಲ್ಲಿ ಹಿಂಡಿನ ಲೆಕ್ಕ ನಡೆಯುವುದಿಲ್ಲ. ಆ ಒಂದು ಹಸುವಿನ ಮೇಲೆ ಪರೀಕ್ಷೆಯ ಪೂರ್ತಿ ತಪ್ಪು ಬೀಳುತ್ತದೆ. ಊರನ್ನೇ ಹಿಂಡು ಎಂದು ಹಿಡಿಯಬೇಕು. ಹಾಗೆ ಹಿಡಿಯುವ ಪರೀಕ್ಷಾ ಕ್ರಮವನ್ನು ನಮ್ಮ ಜಿಲ್ಲೆಯಲ್ಲಿ ನಾವಂತೂ ಕಂಡಿಲ್ಲ.

ಕಡಿಯುವ ಮಾತಂತೂ ಇಲ್ಲಿ ಸುಲಭವಲ್ಲ. 2020ರ ಕರ್ನಾಟಕ ಜಾನುವಾರು ಹತ್ಯೆ ತಡೆ ಕಾಯ್ದೆ ಸರಿಯೋ ತಪ್ಪೋ ಎಂಬ ಜಗಳ ನಮಗೆ ಈ ಬರಹದಲ್ಲಿ ಬೇಡ; ಅದು 13 ವರ್ಷ ದಾಟಿದ ಎಮ್ಮೆ-ಕೋಣ ಬಿಟ್ಟು ಉಳಿದ ದನಗಳ ಹತ್ಯೆಯನ್ನು ಬಹುಮಟ್ಟಿಗೆ ನಿಲ್ಲಿಸಿದೆ, ಅಷ್ಟು ಸಾಕು. ಅದರ ಒಂದು ಫಲವನ್ನು ಮಾತ್ರ ಯಾರೂ ಚರ್ಚಿಸಿಲ್ಲ. ಪರೀಕ್ಷೆ ನಿಜ ಹೇಳಿತೋ ಸುಳ್ಳು ಹೇಳಿತೋ ಎಂದು ತಿಳಿಯಲು ದನದ ಎದೆಗೂಡಿನ ಗ್ರಂಥಿಗಳನ್ನು ಕತ್ತರಿಸಿ ನೋಡಬೇಕು, ಅದನ್ನು ಲ್ಯಾಬಿನಲ್ಲಿ ವಾರಗಟ್ಟಲೆ ಬೆಳೆಸಿ ಅಣುವನ್ನು ಕಾಣಬೇಕು. ಇಥಿಯೋಪಿಯಾದಲ್ಲಿ ಹಾಗೇ ಮಾಡಿದರು. ಪರೀಕ್ಷಿಸಿದ ದನಗಳನ್ನು ಕೊಯ್ದು ನೋಡಿದಾಗ ಅವರಿಗೆ ಗೊತ್ತಾಯಿತು: ಯುರೋಪಿನ 4 ಮಿಲಿಮೀಟರ್ ಗೆರೆ ತಮ್ಮ ದನಗಳಿಗೆ ಹೊಂದುವುದಿಲ್ಲ, 2 ಮಿಲಿಮೀಟರಿಗೆ ಇಳಿಸಿದರೆ ಹೆಚ್ಚು ರೋಗಿಗಳು ಸಿಗುತ್ತವೆ. 2008ರಲ್ಲಿ ಅದನ್ನು ಪ್ರಕಟಿಸಿದರು. ಹಾಗಾದರೆ ನಮ್ಮ ಕಿಲಾರಿಗೆ ಎಷ್ಟು? ಧಾರವಾಡಿ ಎಮ್ಮೆಗೆ ಎಷ್ಟು? ಎಚ್‌ಎಫ್ ಮಿಶ್ರತಳಿಗೆ ಎಷ್ಟು? ಇಂಗ್ಲೆಂಡಿನ ಹಸುವಿನ ಚರ್ಮಕ್ಕೆ ಎಳೆದ ಗೆರೆಯನ್ನು ಹೋರಿ ಹಬ್ಬದಲ್ಲಿ ಕೊಬ್ಬರಿ ಕಟ್ಟಿಕೊಂಡು ಓಡುವ ಹೋರಿಯ ಚರ್ಮದ ಮೇಲೆ ಎಳೆದು ತೀರ್ಪು ಕೊಡುತ್ತೀರಾ? ಆ ಹೋರಿಯ ಬೆಲೆ ಲಕ್ಷದಲ್ಲಿದೆ, ಮಾಲೀಕನ ಮುಂದೆ ಆ ತೀರ್ಪು ಓದಿ ನೋಡಿ.

ಕೊಲ್ಲದೆಯೂ ದಾರಿ ಇದೆ, ಅದನ್ನು ಹೇಳದಿದ್ದರೆ ನಮ್ಮದು ಬರೀ ಬೊಬ್ಬೆಯಾಗುತ್ತದೆ. ಗೋಶಾಲೆಗಳಲ್ಲಿ ದನಗಳು ವಯಸ್ಸಾಗಿ ಸಾಯುತ್ತವೆ. ಸಾಯುವ ಮೊದಲು ಪರೀಕ್ಷೆ, ಸತ್ತ ಮೇಲೆ ಹೂಳುವ ಮೊದಲು ಮರಣೋತ್ತರ ಪರೀಕ್ಷೆ. ಇದು ಯಾರ ನಂಬಿಕೆಗೂ ನೋವು ಮಾಡುವುದಿಲ್ಲ. ಎರಡನೆಯದು ಲೆಕ್ಕದ ದಾರಿ. 1980ರಲ್ಲಿ ಹುಯಿ ಮತ್ತು ವಾಲ್ಟರ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ತೋರಿಸಿದ ಕ್ರಮ: ನಿಜ ಏನೆಂದು ಗೊತ್ತಿಲ್ಲದಿದ್ದರೂ, ಎರಡು ಬೇರೆ ಬೇರೆ ಪರೀಕ್ಷೆಗಳನ್ನು ರೋಗದ ಪ್ರಮಾಣ ಬೇರೆ ಬೇರೆ ಇರುವ ಎರಡು ಗುಂಪುಗಳ ಮೇಲೆ ಮಾಡಿದರೆ, ಎರಡೂ ಪರೀಕ್ಷೆಗಳ ತಪ್ಪನ್ನು ಲೆಕ್ಕದಿಂದ ಹೊರತೆಗೆಯಬಹುದು. ಇಬ್ಬರು ದಲ್ಲಾಳಿಗಳು ಎರಡು ಸಂತೆಯಲ್ಲಿ ಹೇಳಿದ ರೇಟನ್ನು ಅಕ್ಕಪಕ್ಕ ಇಟ್ಟು ಯಾರು ಎಷ್ಟು ಸುಳ್ಳು ಹೇಳುತ್ತಾರೆ ಎಂದು ಕಂಡುಹಿಡಿಯುವ ಹಾಗೆ. ಒಂದು ಷರತ್ತು: ಇಬ್ಬರೂ ಮಾತಾಡಿಕೊಂಡಿರಬಾರದು. ಚರ್ಮದ ಪರೀಕ್ಷೆಯೂ ರಕ್ತದ ಗಾಮಾ ಇಂಟರ್‌ಫೆರಾನ್ ಪರೀಕ್ಷೆಯೂ ದೇಹದ ಒಂದೇ ಬಗೆಯ ಪ್ರತಿಕ್ರಿಯೆಯನ್ನು ನೋಡುವುದರಿಂದ ಇಬ್ಬರೂ ಒಂದೇ ಕಡೆ ತಪ್ಪುವ ಸಾಧ್ಯತೆ ಇದೆ. ಪ್ರತಿಕಾಯ ನೋಡುವ ಮೂರನೆಯದೊಂದನ್ನು ಜೊತೆಗೆ ಹಾಕಬೇಕು. ಒಂದು ಗುಂಪು ಗೋಶಾಲೆ ಮತ್ತು ದೊಡ್ಡ ಡೇರಿಗಳು, ಇನ್ನೊಂದು ಗುಂಪು ರಾಣೆಬೆನ್ನೂರು-ಬ್ಯಾಡಗಿಯ ಹಳ್ಳಿಗಳು. ರಕ್ತದ ಪರೀಕ್ಷೆಗೆ ಮಾದರಿ ಒಂದು ದಿನದೊಳಗೆ ಲ್ಯಾಬ್ ಸೇರಬೇಕು. ಸಂಜೆ ಹಾವೇರಿಯಲ್ಲಿ ರೈಲು ಹತ್ತಿಸಿದರೆ ಬೆಳಿಗ್ಗೆ ಬೆಂಗಳೂರು. ಜಾನುವಾರು ರೋಗಗಳ ಲೆಕ್ಕವನ್ನೇ ಕಸುಬು ಮಾಡಿಕೊಂಡ ಕೇಂದ್ರ ಸಂಸ್ಥೆ ನಿವೇದಿ ಇರುವುದು ಯಲಹಂಕದಲ್ಲಿ, ಬೇರೆ ಗ್ರಹದಲ್ಲಲ್ಲ. ಹೊಸ ಸಾಧನವೂ ಬರುತ್ತಿದೆ. ಇದೇ ಪೆನ್ ಸ್ಟೇಟ್ ತಂಡ 2019ರಲ್ಲಿ ಹಳೆಯ ಕಲಬೆರಕೆ ದ್ರವದ ಬದಲು ಆಯ್ದ ಮೂರು ಪ್ರೋಟೀನ್‌ಗಳನ್ನು ಮಾತ್ರ ಬಳಸುವ ಚರ್ಮದ ಪರೀಕ್ಷೆಯನ್ನು ಪ್ರಕಟಿಸಿತು. ಬಿಸಿಜಿ ಲಸಿಕೆ ಹಾಕಿದ ದನವನ್ನೂ ಸೋಂಕಿತ ದನವನ್ನೂ ಅದು ಬೇರ್ಪಡಿಸುತ್ತದೆ. ಅದನ್ನು ನಮ್ಮ ದನಗಳ ಮೇಲೂ ತೂಗಿ ನೋಡಬೇಕು.

ಇನ್ನೊಂದು ವಿಚಿತ್ರ ಹೇಳಬೇಕು. ಘನೀಕೃತ ವೀರ್ಯ ಕೇಂದ್ರಗಳ ಹೋರಿಗಳಿಗೆ ನಿಯಮಿತವಾಗಿ ಕ್ಷಯ ಪರೀಕ್ಷೆ ಮಾಡಲೇಬೇಕು ಎಂದು ಕೇಂದ್ರದ ನಿಯಮವಿದೆ. ಸರಿಯಾದ ನಿಯಮ. ಅಂದರೆ ರೋಗ ಇದೆ ಎಂದು ಸರ್ಕಾರಕ್ಕೆ ಗೊತ್ತು, ಪರೀಕ್ಷೆ ಮಾಡಲು ಬರುತ್ತದೆ ಎಂದೂ ಗೊತ್ತು. ಕಡ್ಡಿಯಲ್ಲಿ ಬರುವ ಗಂಡಿಗೆ ಪರೀಕ್ಷೆ ಇದೆ. ಕೊಟ್ಟಿಗೆಯಲ್ಲಿ ನಿಂತ ಹೆಣ್ಣಿಗೆ, ಅದರ ಹಾಲು ಕುಡಿಯುವ ಮಕ್ಕಳಿಗೆ, ಅದರ ಸಗಣಿ ಬಾಚುವ ಹೆಂಗಸಿಗೆ ಇಲ್ಲ.

ಪಾಸಿಟಿವ್ ಚೀಟಿ ಕೈಗೆ ಬಂದ ರೈತ ಏನು ಮಾಡುತ್ತಾನೆ ಎಂಬುದನ್ನು ಊಹಿಸಲು ಡಿಗ್ರಿ ಬೇಕಿಲ್ಲ. ಕ್ಷಯಕ್ಕೆಂದು ಪರಿಹಾರದ ಯೋಜನೆ ಇಲ್ಲ, ಕಡಿಸುವುದು ಸುಲಭವಲ್ಲ, ಸಾಲ ತೀರಿಲ್ಲ. ಮುಂದಿನ ಸಂತೆ ಇದೆ. ಹಸು ಹಗ್ಗ ಬದಲಿಸುತ್ತದೆ, ಊರು ಬದಲಿಸುತ್ತದೆ, ರೋಗವೂ ಅದರ ಜೊತೆ ಹೋಗುತ್ತದೆ. ಚೀಟಿ ಸುಳ್ಳಾಗಿದ್ದರೆ ಒಳ್ಳೆಯ ಹಸುವೊಂದು ಅರ್ಧ ರೇಟಿಗೆ ಹೋಯಿತು. ಮೆಣಸಿನಕಾಯಿ ರೇಟು ಬಿದ್ದ ದಿನ, 2024ರ ಮಾರ್ಚ್ 11ರಂದು, ಬ್ಯಾಡಗಿ ಮಾರುಕಟ್ಟೆಯಲ್ಲಿ ವಾಹನಗಳು ಹೊತ್ತಿ ಉರಿದವು; ರಾಜ್ಯವೇ ತಿರುಗಿ ನೋಡಿತು. ಹಸುವಿನ ರೇಟು ಒಂದು ಶಬ್ದಕ್ಕೆ ಬಿದ್ದರೆ ಅದು ಒಂದು ಮನೆಯ ಒಳಗಿನ ಸದ್ದು, ಬಾಗಿಲಾಚೆ ಕೇಳುವುದಿಲ್ಲ.

ಹಾಗಾಗಿ ಜಿಲ್ಲಾಡಳಿತದ ಮುಂದೆ ನಮ್ಮ ಬೇಡಿಕೆ ಇದು. ಜಿಲ್ಲೆಯಲ್ಲಿ ಕ್ಷಯ ಪರೀಕ್ಷೆ ಮಾಡಿದ ಪ್ರತಿ ದನದ ಕಿವಿಯೋಲೆಯ 12 ಅಂಕಿಯ ನಂಬರಿನ ಎದುರು ‘ಪಾಸಿಟಿವ್’ ಎಂದಷ್ಟೇ ಬರೆಯಬೇಡಿ. ಒಂದು ಸೂಜಿಯೋ ಜೋಡಿ ಸೂಜಿಯೋ, ಮೊದಲ ದಿನ ಚರ್ಮ ಎಷ್ಟು ಮಿಲಿಮೀಟರ್, 72ನೇ ಗಂಟೆಯಲ್ಲಿ ಎಷ್ಟು, ದ್ರವದ ಬ್ಯಾಚ್ ಯಾವುದು, ಅಳೆದವರು ಯಾರು ಎಂದು ಬರೆಯಿರಿ. ಅದರ ಒಂದು ಪ್ರತಿ ಕನ್ನಡದಲ್ಲಿ ಮಾಲೀಕನಿಗೆ ಕೊಡಿ. ಒಂದು ಪರೀಕ್ಷೆಯ ಮೇಲೆ ಯಾವ ದನವನ್ನೂ ರೋಗಿ ಎನ್ನಬೇಡಿ; ಆರು ವಾರ ಬಿಟ್ಟು ಜೋಡಿ ಸೂಜಿ ಹಾಕಿ, ಅಥವಾ ರಕ್ತ ಕಳಿಸಿ. ಖಚಿತವಾದ ಮೇಲೆ ದನವನ್ನು ಬೇರೆ ಕಟ್ಟಲು ಜಾಗ ಮತ್ತು ಮೇವಿನ ದುಡ್ಡು, ಚರ್ಮಗಂಟಿಗೆ ಕೊಟ್ಟ ಹಾಗೆ, ತಾಲ್ಲೂಕು ಮಟ್ಟದಲ್ಲೇ ಕೊಡಿ. ಆ ಮನೆಯ ಮಂದಿಯ ಕಫ ಪರೀಕ್ಷೆಯನ್ನು ಅದೇ ವಾರ ಮಾಡಿಸಿ. ಕ್ಯಾಲಿಪರ್ ಇಲ್ಲದ ಆಸ್ಪತ್ರೆಗಳಿಗೆ ಕ್ಯಾಲಿಪರ್ ಕೊಡಿಸಿ. ಅದು ಜಿಲ್ಲಾ ಪಂಚಾಯಿತಿಯ ಒಂದು ಸಭೆಯ ಚಹಾ-ಬಿಸ್ಕತ್ತಿನ ಖರ್ಚಿಗಿಂತ ಹೆಚ್ಚಾಗಲಾರದು.

ದನದವರಿಗೂ ಒಂದು ಮಾತಿದೆ. ಯಾರಾದರೂ ನಿಮ್ಮ ದನದ ಕುತ್ತಿಗೆ ಹಿಡಿದು ಸೂಜಿ ಹಾಕಲು ಬಂದರೆ ಬೇಡ ಎನ್ನಬೇಡಿ, ಹಾಕಿಸಿಕೊಳ್ಳಿ. ಮೊದಲ ಅಳತೆ ಎಷ್ಟು ಬಂತು ಎಂದು ಕೇಳಿ, ಗೋಡೆ ಮೇಲೆ ಇದ್ದಿಲಿನಿಂದ ಬರೆದುಕೊಳ್ಳಿ. ಮೂರನೇ ದಿನ ಯಾರೂ ಬರದಿದ್ದರೆ ನಮಗೆ ಫೋನ್ ಮಾಡಿ.